ಕತ್ತಿಗೆ ಕೆಂಪು ಹಿಡಿದಾಗ: ಕಾಸರಗೋಡಿನಲ್ಲಿ ಕೆಮಿಸ್ಟ್ರಿ ಕಲಿಸಿದ ನನ್ನ ಅನುಭವ

ಇಂಟರ್ನಲ್ ಪರೀಕ್ಷೆಯ ಪೇಪರ್ ತಿದ್ದುತ್ತಾ ಕೂತಿದ್ದೆ. ಒಬ್ಬಳು ಹುಡುಗಿ ಎಲೆಕ್ಟ್ರೋಕೆಮಿಸ್ಟ್ರಿ ಪ್ರಶ್ನೆಗೆ ಒಂದೂ ತಪ್ಪಿಲ್ಲದೆ ಉತ್ತರ ಬರೆದಿದ್ದಳು. ಕಬ್ಬಿಣ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ತಾಮ್ರದ ಅಯಾನು (ವಿದ್ಯುದಾವೇಶ ಹೊತ್ತ ಕಣ) ಅದನ್ನು ತೆಗೆದುಕೊಳ್ಳುತ್ತದೆ, ಎರಡೂ ಅರ್ಧ ಸಮೀಕರಣ ಸರಿ, ಸೆಲ್‌ನ ವೋಲ್ಟೇಜು 0.78. ಪೂರ್ತಿ ಮಾರ್ಕು ಕೊಟ್ಟೆ.

ಮರುದಿನ ಲ್ಯಾಬ್ ಇತ್ತು. ಬೀಕರಿನಲ್ಲಿ ಮೈಲುತುತ್ತಿನ, ಅಂದರೆ ಕಾಪರ್ ಸಲ್ಫೇಟಿನ, ನೀಲಿ ದ್ರಾವಣ, ನನ್ನ ಕೈಯಲ್ಲಿ ಒಂದು ಕಬ್ಬಿಣದ ಮೊಳೆ. ಅವಳನ್ನೇ ಕೇಳಿದೆ, "ಇದನ್ನು ಇದರಲ್ಲಿ ಹಾಕಿಟ್ರೆ ಎಂತ ಆಗ್ತದೆ?"

ಸ್ವಲ್ಪ ಹೊತ್ತು ಯೋಚಿಸಿದಳು. "ಎಂತ ಆಗ್ಲಿಕ್ಕಿಲ್ಲ ಟೀಚರ್. ಮೊಳೆ ಅಲ್ವಾ, ಹಾಗೇ ಇರ್ತದೆ."

ಹಿಂದಿನ ದಿನ ಅವಳು ಬರೆದ ಉತ್ತರ ಇದೇ ಮೊಳೆಯದ್ದು, ಇದೇ ನೀಲಿ ನೀರಿನದ್ದು. ಅವಳಿಗೆ ಅದು ಗೊತ್ತೇ ಇರಲಿಲ್ಲ. ಅವಳಿಗೆ ಗೊತ್ತಿಲ್ಲ ಅನ್ನುವುದು ನನಗೂ ಗೊತ್ತಿರಲಿಲ್ಲ. ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಷ್ಟು ವರ್ಷ ನಾನು ಕಲಿಸಿದ್ದು ಏನನ್ನು?

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವಳು. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಆಮೇಲೆ ಏಕಾಏಕಿ ಇಂಗ್ಲಿಷ್ ಪುಸ್ತಕ. ನಮ್ಮ ಗಡಿಯ ಮಕ್ಕಳ ದಾರಿ ಈಗಲೂ ಅದೇ. ಶಾಲೆಯಲ್ಲಿ ವಿಜ್ಞಾನವನ್ನು ಕನ್ನಡದಲ್ಲಿ ಓದಿರುತ್ತಾರೆ. ಪ್ಲಸ್ ಟೂನಲ್ಲಿ ಪುಸ್ತಕ ಇಂಗ್ಲಿಷ್, ಪಾಠದ ನಡುವಿನ ಮಾತು ಹೆಚ್ಚಾಗಿ ಮಲಯಾಳಂ. ಡಿಗ್ರಿಗೆ ಬಂದಾಗ ಒಂದೇ ಬೆಂಚಿನಲ್ಲಿ ಮನೆಯಲ್ಲಿ ತುಳು ಆಡುವವಳು, ಹವ್ಯಕ ಕನ್ನಡ ಆಡುವವನು, ಬ್ಯಾರಿ ಆಡುವವನು, ಮಲಯಾಳಂ ಆಡುವವಳು ಕೂತಿರುತ್ತಾರೆ. ನಾನು ಮುಂದೆ ನಿಂತು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದೆ. ಅವರು ಬರೆದುಕೊಳ್ಳುತ್ತಿದ್ದರು. ಬರೆದದ್ದನ್ನು ಪರೀಕ್ಷೆಯಲ್ಲಿ ವಾಪಸು ಕೊಡುತ್ತಿದ್ದರು.

ಮೊಳೆಯ ಘಟನೆ ಆದ ಮೇಲೆ ಒಂದು ವಾರ ಪೋರ್ಷನ್ ನಿಲ್ಲಿಸಿದೆ. ಸುಮ್ನೆ ಪ್ರಶ್ನೆ ಕೇಳುತ್ತಾ ಹೋದೆ. ನೀರು ಕುದಿಯುವಾಗ ಗುಳ್ಳೆ ಬರುತ್ತದಲ್ಲ, ಆ ಗುಳ್ಳೆಯ ಒಳಗೆ ಏನಿದೆ? ಹೆಚ್ಚಿನವರು ಹೈಡ್ರೋಜನ್ ಮತ್ತು ಆಕ್ಸಿಜನ್ ಅಂದರು. ಕೆಲವರು ಗಾಳಿ ಅಂದರು. ನೀರಿನ ಆವಿ ಅಂದವರು ತೀರಾ ಕಮ್ಮಿ. ಅಡುಗೆ ಒಲೆಯ ಮೇಲಿನ ಗಂಜಿ ನೀರು ಹೈಡ್ರೋಜನ್ ಆಗಿ ಒಡೆದರೆ ಮನೆಗೆ ಬೆಂಕಿ ಹಿಡಿಯುತ್ತಿತ್ತಲ್ಲ ಅಂದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಮೈಲುತುತ್ತು ನೀರಿನಲ್ಲಿ ಕರಗಿದಾಗ ಒಳಗೆ ಹೇಗಿರಬಹುದು, ಚಿತ್ರ ಬರೆಯಿರಿ ಅಂದೆ. ತಾಮ್ರವೂ ಸಲ್ಫೇಟೂ ಕೈ ಕೈ ಹಿಡಿದು ಜೋಡಿಯಾಗಿ ಈಜುವ ಚಿತ್ರಗಳೇ ಬಂದವು. ಅಯಾನುಗಳು ಬೇರೆಯಾಗುತ್ತವೆ ಎಂದು ವ್ಯಾಖ್ಯೆ ಬರೆಯಲು ಹೇಳಿದರೆ ಅಷ್ಟೂ ಮಂದಿ ಬರೆಯುತ್ತಿದ್ದರು.

ಮಾತಿನ ತೊಡಕು ಎಷ್ಟು ಆಳ ಅಂತಲೂ ಆ ವಾರ ತಿಳಿಯಿತು. ನಮ್ಮ ಕನ್ನಡ ಪಠ್ಯದಲ್ಲಿ ಅಣು ಅಂದರೆ ಮಾಲಿಕ್ಯೂಲ್, ಪರಮಾಣು ಅಂದರೆ ಆಟಂ. ಪೇಪರಿನಲ್ಲಿ ಮಾತ್ರ ಅಣುಬಾಂಬ್, ಅಣುಸ್ಥಾವರ, ಅಲ್ಲಿ ಅಣು ಅಂದರೆ ಆಟಂ. ಮಲಯಾಳಂನಲ್ಲಿ ಮಾಲಿಕ್ಯೂಲ್‌ಗೆ ತನ್ಮಾತ್ರ ಅನ್ನುತ್ತಾರೆ. ಅಣುಬಾಧೆ ಅಂದರೆ ಅಲ್ಲಿ ಸೋಂಕು, ಅಂದರೆ ಅಣು ರೋಗಾಣು. ಅಣು ಎಂಬ ಒಂದು ಶಬ್ದಕ್ಕೆ ಒಂದೇ ಬೆಂಚಿನಲ್ಲಿ ಮೂರು ಅರ್ಥ. ಇದನ್ನೆಲ್ಲ ಬಿಡಿಸಿ ಹೇಳದೆ ನಾನು ನೇರ ಮಾಲಿಕ್ಯುಲರ್ ಆರ್ಬಿಟಲ್‌ಗೆ ಹಾರುತ್ತಿದ್ದೆ.

ಗ್ಲಾಸ್ಗೋ ವಿಶ್ವವಿದ್ಯಾಲಯದ ಅಲೆಕ್ಸ್ ಜಾನ್‌ಸ್ಟನ್ ಕೆಮಿಸ್ಟ್ರಿ ಯಾಕೆ ತಲೆಗೆ ಹತ್ತುವುದಿಲ್ಲ ಎಂಬುದನ್ನು 1991ರಲ್ಲಿ ಒಂದು ತ್ರಿಕೋನದ ಮೂಲಕ ವಿವರಿಸಿದ್ದಾರೆ. ರಸಾಯನಶಾಸ್ತ್ರ ಮೂರು ಮಟ್ಟದಲ್ಲಿ ನಡೆಯುತ್ತದೆ. ಒಂದು, ಕಣ್ಣಿಗೆ ಕಾಣುವುದು: ಬಣ್ಣ, ಬಿಸಿ, ವಾಸನೆ, ತಳಕ್ಕೆ ಕೂರುವ ಪುಡಿ. ಎರಡು, ಕಾಣದ ಅಯಾನು, ಅಣು, ಎಲೆಕ್ಟ್ರಾನ್. ಮೂರು, ಸೂತ್ರ ಮತ್ತು ಸಮೀಕರಣ. ಈ ವಿಷಯ ಗೊತ್ತಿರುವವರು ಮೂರರ ನಡುವೆ ಒಂದೇ ವಾಕ್ಯದಲ್ಲಿ ಓಡಾಡುತ್ತಾರೆ. ಹೊಸಬರ ತಲೆಗೆ ಮೂರೂ ಒಮ್ಮೆಗೇ ಬಿದ್ದರೆ ಹಿಡಿಯಲು ಜಾಗ ಸಾಲುವುದಿಲ್ಲ. ಇದನ್ನು ಓದಿದಾಗ ನನಗೆ ನಮ್ಮ ಮಕ್ಕಳ ಮುಖ ಕಣ್ಣಿಗೆ ಬಂತು. ಇವರಿಗೆ ಮೂರರ ಮೇಲೆ ನಾಲ್ಕನೆಯ ಹೊರೆಯೂ ಉಂಟು, ಅದು ಭಾಷೆ. ಬುದ್ಧಿ ಕಮ್ಮಿ ಅಂತ ಸ್ಟಾಫ್ ರೂಮಿನಲ್ಲಿ ನಾವು ಆಡಿಕೊಳ್ಳುತ್ತಿದ್ದದ್ದು ಶುದ್ಧ ಅನ್ಯಾಯ.

ಹಾಗಾಗಿ ನಾನು ಮಾಡಿದ ಮುಖ್ಯ ಬದಲಾವಣೆ ಒಂದೇ. ಪಾಠದ ಕ್ರಮವನ್ನು ತಿರುಗಿಸಿದೆ. ಮೊದಲು ವಸ್ತು ಮೇಜಿನ ಮೇಲೆ. ಏನಾಗಬಹುದು ಅಂತ ಅವರೇ ಊಹಿಸಿ ಬರೆಯಬೇಕು. ಮಾಡಿ ನೋಡಬೇಕು. ಯಾಕೆ ಹಾಗಾಯಿತು ಅಂತ ಮನೆ ಮಾತಿನಲ್ಲಿ ಜಗಳ ಆಡಬೇಕು. ಒಳಗೆ ಏನಾಗಿರಬಹುದು ಅಂತ ಚಿತ್ರ ಬರೆಯಬೇಕು. ಆಮೇಲೆ ಇಂಗ್ಲಿಷ್ ಪದ, ಎಲ್ಲಕ್ಕಿಂತ ಕೊನೆಗೆ ಸಮೀಕರಣ. ಹೇಳಲು ಎರಡು ಸಾಲು. ರೂಢಿಗೆ ಬರಲು ನನಗೆ ಮೂರು ವರ್ಷ ಬೇಕಾಯಿತು.

ಅದಕ್ಕಿಂತ ಮೊದಲು ಒಂದು ವರ್ಷ ಸ್ಲೈಡು, ಅನಿಮೇಷನ್ ಅಂತ ಕಳೆದದ್ದೂ ಉಂಟು. ರಾತ್ರಿ ಕೂತು ಚಂದ ಚಂದದ ಸ್ಲೈಡು ಮಾಡಿದೆ. ಮಕ್ಕಳು ಖುಷಿಯಿಂದ ನೋಡಿದರು. ನೋಡಿದ್ದು ಅಷ್ಟೇ. ಎಲೆಕ್ಟ್ರಾನಿಗೆ ನಿಜಕ್ಕೂ ನೀಲಿ ಬಣ್ಣ ಅಂತ ನಂಬಿದವರೂ ಇದ್ದರು.

ಕ್ರಮ ತಿರುಗಿಸಿದ ಮೇಲೆ ನನಗೆ ಅತಿ ಹೆಚ್ಚು ಕಲಿಸಿದ ಪಾಠ ಬೋರ್ಡೋ ದ್ರಾವಣದ್ದು. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮಲ್ಲಿ ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಮದ್ದು ಬಿಡುತ್ತಾರೆ. ಕೊಳೆರೋಗಕ್ಕೆ ಈಗಲೂ ಜನ ನಂಬುವ ಮದ್ದು ಬೋರ್ಡೋ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದಲ್ಲಿ ದ್ರಾಕ್ಷಿಯ ರೋಗಕ್ಕೆ ಇದು ಕೆಲಸ ಮಾಡುತ್ತದೆ ಅಂತ ಮಿಲಾರ್ಡೆ ಎಂಬ ಪ್ರೊಫೆಸರ್ 1885ರಲ್ಲಿ ಪ್ರಕಟಿಸಿದರು. ನಮ್ಮ ತೋಟದಲ್ಲಿ ಲೆಕ್ಕ ಸರಳ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನು ಹೊಯ್ಯುತ್ತಾ ಕಲಕುವುದು.

ಕ್ಲಾಸಿನಲ್ಲಿ ನೂರು ಲೀಟರಿನ ಬದಲು ನೂರು ಎಂ.ಎಲ್. ಮಾಡಿಸಿದೆ. ಒಂದೊಂದು ಗ್ರಾಂ ಸಾಕು. ನಾಲ್ಕು ನಾಲ್ಕು ಮಂದಿಯ ಗುಂಪು. ಸುಣ್ಣ ಕಣ್ಣಿಗೆ ಹಾರಬಾರದು ಅಂತ ಎಲ್ಲರಿಗೂ ಕನ್ನಡಕ. ಒಂದು ಗುಂಪಿಗೆ ಬೇಕೆಂದೇ ಸುಣ್ಣ ತೀರಾ ಕಮ್ಮಿ ಕೊಟ್ಟಿದ್ದೆ. ಆಕಾಶ ಬಣ್ಣದ ತೆಳು ಗಂಜಿಯ ಹಾಗೆ ಬಂತು. "ಇದು ಸರಿ ಆಗಿದೆಯಾ ಅಂತ ಹೇಗೆ ಗೊತ್ತಾಗ್ತದೆ?" ಅಂತ ಕೇಳಿದೆ. ಹುಳಿಯೋ ಕ್ಷಾರವೋ ಅಂತ ತೋರಿಸುವ ಪಿ.ಎಚ್. ಪೇಪರ್ ಅನ್ನುತ್ತಾರೆ ಅಂದುಕೊಂಡಿದ್ದೆ.

ಆ ಮೊಳೆಯ ಹುಡುಗಿ ಎದ್ದು ನಿಂತಳು. "ನಮ್ಮ ಅಪ್ಪ ಕತ್ತಿ ಮುಳುಗಿಸಿ ನೋಡ್ತಾರೆ ಟೀಚರ್. ಕತ್ತಿ ಕೆಂಪಾದ್ರೆ ಸುಣ್ಣ ಸಾಲದು ಅಂತ ಲೆಕ್ಕ."

"ಕೆಂಪು ಅಂದ್ರೆ ಎಂತ ಅದು?"

"ತುಕ್ಕು ಇರ್ಬೇಕು."

ಲ್ಯಾಬಿನ ಚಾಕು ತಂದು ಕೊಟ್ಟೆ. ಸುಣ್ಣ ಕಮ್ಮಿಯ ಬೀಕರಿನಲ್ಲಿ ಅದ್ದಿ ಹಿಡಿದಳು. ಒಂದು ನಿಮಿಷದ ಮೇಲೆ ತೆಗೆದಾಗ ಅಲಗಿನ ಮೇಲೆ ಕಂದು ಕೆಂಪು ಪದರ. ಬಟ್ಟೆಯಿಂದ ಉಜ್ಜಿದರೆ ಹೊಸ ಚೊಂಬಿನ ಹಾಗೆ ಹೊಳೆಯಿತು. ಅವಳು ಚಾಕುವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. "ತುಕ್ಕು ಹೊಳೆಯುದಿಲ್ಲ ಅಲ್ವಾ?" ಅಂತ ತನಗೆ ತಾನೇ ಹೇಳಿಕೊಂಡಳು. ಆಮೇಲೆ ನಿಧಾನಕ್ಕೆ, "ಇದು ತಾಮ್ರ. ಟೀಚರ್, ಅವತ್ತಿನ ಮೊಳೆ!" ಅಂದಳು.

ನಾನು ಏನೂ ಹೇಳಬೇಕಾಗಿ ಬರಲಿಲ್ಲ. ನೀರಿನಲ್ಲಿ ಬಿಡಿಯಾಗಿ ಉಳಿದ ತಾಮ್ರದ ಅಯಾನು ಕಬ್ಬಿಣದಿಂದ ಎಲೆಕ್ಟ್ರಾನ್ ಪಡೆದು ತಾಮ್ರವಾಗಿ ಕೂತಿತು ಅಂತ ಅವಳೇ ಪಕ್ಕದವಳಿಗೆ ಹೇಳಿದಳು, ಅರ್ಧ ತುಳು ಅರ್ಧ ಕನ್ನಡದಲ್ಲಿ. ಸುಣ್ಣ ಸಾಕಷ್ಟಿದ್ದರೆ ತಾಮ್ರದ ಅಯಾನು ಕರಗದ ಸಂಯುಕ್ತದ ಪುಡಿಯಾಗಿ ತಳಕ್ಕೆ ಹೋಗುತ್ತದೆ, ಬಿಡಿ ಅಯಾನು ಇರುವುದಿಲ್ಲ, ಹಾಗಾಗಿ ಕತ್ತಿ ಕೆಂಪಾಗುವುದಿಲ್ಲ. ಕಾಞಂಗಾಡಿನ ಕಡೆಯ ಒಬ್ಬ ಹುಡುಗ "ಇದು ನಮ್ಮ ತುರಿಶ್ ಅಲ್ವಾ" ಅಂತ ಕೇಳಿದ. ಮಲಯಾಳಂನಲ್ಲಿ ಮೈಲುತುತ್ತಿಗೆ ಅದೇ ಹೆಸರು. ಬೋರ್ಡಿನಲ್ಲಿ ಮೂರೂ ಹೆಸರು ಸಾಲಾಗಿ ಬರೆದೆ: ಮೈಲುತುತ್ತು, ತುರಿಶ್, ಕಾಪರ್ ಸಲ್ಫೇಟ್. ಅಂದಿನಿಂದ ನನ್ನ ಬೋರ್ಡಿನ ಎಡ ಮೂಲೆ ಹೆಸರುಗಳಿಗೇ ಮೀಸಲು.

ಪಾಠ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಕ್ಲಾಸಿನಲ್ಲಿ ಅದೇ ಲೆಕ್ಕವನ್ನು ಮೋಲಿನಲ್ಲಿ, ಅಂದರೆ ಕಣಗಳನ್ನು ಎಣಿಸುವ ರಸಾಯನದ ಮಾಪಿನಲ್ಲಿ, ಮಾಡಿಸಿದೆ. ಒಂದು ಕಿಲೋ ಮೈಲುತುತ್ತು ಅಂದರೆ ಸುಮಾರು 4 ಮೋಲ್. ಪುಸ್ತಕದ ಸರಳ ಸಮೀಕರಣದ ಪ್ರಕಾರ ಅದಕ್ಕೆ 4 ಮೋಲ್ ಅರಳಿದ ಸುಣ್ಣ ಸಾಕು. ತೂಕದಲ್ಲಿ ಸುಮಾರು 300 ಗ್ರಾಂ. ಹಾಗಾದರೆ ನಮ್ಮ ಅಪ್ಪಂದಿರು ಯಾಕೆ ಕಿಲೋಗೆ ಕಿಲೋ ಹಾಕುತ್ತಾರೆ? ಮೂರು ಪಾಲಿಗಿಂತ ಜಾಸ್ತಿ ಆಯಿತಲ್ಲ?

ಅಷ್ಟು ಗಲಾಟೆ ನನ್ನ ಕ್ಲಾಸಿನಲ್ಲಿ ಅದುವರೆಗೆ ಆಗಿರಲಿಲ್ಲ. ಒಬ್ಬ ಹುಡುಗ ಹೇಳಿದ, "ಚೀಲ ಒಡೆದು ತುಂಬ ದಿನ ಇಟ್ಟ ಸುಣ್ಣಕ್ಕೆ ನೀರು ಹಾಕಿದ್ರೆ ಬಿಸಿಯೇ ಏರುದಿಲ್ಲ ಟೀಚರ್. ಅದು ಸತ್ತ ಸುಣ್ಣ." ಗಾಳಿಯ ತೇವವನ್ನೂ ಕಾರ್ಬನ್ ಡೈಆಕ್ಸೈಡನ್ನೂ ಕುಡಿದು ಸುಣ್ಣ ನಿಧಾನಕ್ಕೆ ಕಾರ್ಬೊನೇಟ್ ಆಗುವುದನ್ನು ಅವನು ಮನೆಯ ಅಂಗಳದಲ್ಲಿ ನೋಡಿದ್ದ. ಅಂಗಡಿಯ ಸುಣ್ಣದಲ್ಲಿ ಎಷ್ಟು ಪಾಲು ನಿಜವಾದ ಸುಣ್ಣ ಅಂತ ಯಾರಿಗೂ ಖಾತ್ರಿ ಇಲ್ಲ. ಕಮ್ಮಿಯಾದರೆ ಬಿಡಿ ತಾಮ್ರ ಎಲೆಯನ್ನೂ ಎಳೆಕಾಯಿಯನ್ನೂ ಸುಡುತ್ತದೆ. ಹಾಗಾಗಿ ಹಿರಿಯರು ಕೈ ಬಿಗಿ ಹಿಡಿಯಲಿಲ್ಲ. ಲಿಮಿಟಿಂಗ್ ರಿಯೇಜೆಂಟ್ (ಕ್ರಿಯೆಯಲ್ಲಿ ಮೊದಲು ಮುಗಿಯುವ ವಸ್ತು), ಶುದ್ಧತೆಯ ಶೇಕಡಾ ಲೆಕ್ಕ, ಕಾರ್ಬೊನೇಟ್ ಆಗುವ ಕ್ರಿಯೆ: ಮೂರು ಪಾಠ ಒಂದು ಸುಣ್ಣದ ಚೀಲದಿಂದ ಹೊರಬಂತು. ಮುಂದಿನ ವಾರ ಹತ್ತು ಹದಿನೈದು ಮನೆಯ ಸುಣ್ಣ ಪೊಟ್ಟಣ ಕಟ್ಟಿಕೊಂಡು ಲ್ಯಾಬಿಗೆ ಬಂತು. ಆಮ್ಲದ ಜೊತೆ ಟೈಟ್ರೇಷನ್ ಮಾಡಿ (ಹನಿ ಹನಿಯಾಗಿ ಬಿಟ್ಟು ಎಷ್ಟು ಬೇಕಾಯಿತು ಅಂತ ಅಳೆದು), ಗುಳ್ಳೆ ಎಷ್ಟು ಬರುತ್ತದೆ ನೋಡಿ, ಯಾರ ಸುಣ್ಣ ಹೊಸತು ಅಂತ ಅವರೇ ತೀರ್ಮಾನಿಸಿದರು.

ಲ್ಯಾಬಿನ ವಿಷಯ ಬಂತಲ್ಲ, ಅಲ್ಲಿ ನನಗೆ ಇನ್ನೊಂದು ನೋವಿತ್ತು. ಟೈಟ್ರೇಷನ್ ರೀಡಿಂಗ್. ಸರಿಯಾದ ಉತ್ತರ ಎಷ್ಟು ಅಂತ ಸೀನಿಯರ್‌ಗಳ ರೆಕಾರ್ಡ್ ಪುಸ್ತಕದಿಂದ ಮೊದಲೇ ಗೊತ್ತು. ಎಲ್ಲರ ರೀಡಿಂಗೂ ಕೂಡಿ ಮಾತಾಡಿಕೊಂಡ ಹಾಗೆ ಒಂದೇ. ಅದು ಮಕ್ಕಳ ಸುಳ್ಳು ಅಲ್ಲ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯನ್ನು ವರ್ಷ ವರ್ಷ ಕೇಳಿದ್ದು ನಾವು.

ಹಾಗಾಗಿ ನೀರಿನ ಗಡಸುತನದ (ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎಂಬ) ಪ್ರಯೋಗಕ್ಕೆ ಅವರವರ ಬಾವಿ ನೀರು ತರಲು ಹೇಳಿದೆ. ನನಗೂ ಉತ್ತರ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. 50 ಎಂ.ಎಲ್. ನೀರಿಗೆ ಬಫರ್, ಇಂಡಿಕೇಟರ್ ಹಾಕಿದರೆ ದ್ರಾಕ್ಷಿ ಕೆಂಪು ಬರುತ್ತದೆ. ಮೇಲಿನ ಬ್ಯೂರೆಟ್ಟಿನಿಂದ (ಅಳತೆ ಗೆರೆಗಳಿರುವ ಗಾಜಿನ ಕೊಳವೆ) ಆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ 0.01 ಮೋಲಾರ್ ಇ.ಡಿ.ಟಿ.ಎ. ದ್ರಾವಣ ಬಿಡುತ್ತಾ ಹೋದರೆ ನೀಲಿಗೆ ತಿರುಗುತ್ತದೆ. ಒಂದು ಎಂ.ಎಲ್.ಗೆ ಲೀಟರಿಗೆ 20 ಮಿಲಿಗ್ರಾಂ ಗಡಸುತನ ಅಂತ ಲೆಕ್ಕ. ಮುಳಿಯಾರಿನ ಕಡೆಯಿಂದ ಬರುವ ಹುಡುಗಿ ಬ್ಯೂರೆಟ್ಟಿನ ನಲ್ಲಿ ತಿರುಗಿಸಿದಳು. ಅರೆ ಎಂ.ಎಲ್. ದಾಟುವಷ್ಟರಲ್ಲೇ ನೀಲಿ. ಮುಖ ಬಾಡಿತು. "ಟೀಚರ್, ನನ್ನದು ಹಾಳಾಯ್ತು."

ಹಾಳಾಗಿರಲಿಲ್ಲ. ಮುರಕಲ್ಲಿನ (ಲ್ಯಾಟರೈಟ್) ನೆಲದ ಬಾವಿ ನೀರು ಹಾಗೇ ಇರುತ್ತದೆ. ಲಕ್ಷಾಂತರ ವರ್ಷದ ಮಳೆ ಈ ನೆಲದ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದು ಕೊಂಡೊಯ್ದಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಅದಕ್ಕೇ ಕಲ್ಲಿಗೆ ಆ ಕೆಂಪು. ನೀರು ತುಂಬ ಮೆದು, ಸ್ವಲ್ಪ ಹುಳಿ ಕಡೆಗೆ. "ನಿಮ್ಮ ಮನೆಯಲ್ಲಿ ಸೋಪು ತೊಳೆದಷ್ಟೂ ಜಾರ್ತದಾ?" ಅಂತ ಕೇಳಿದೆ. "ಹೌದು, ಅಜ್ಜಿ ಯಾವಾಗ್ಲೂ ಹೇಳ್ತಾರೆ." ಕುಂಬಳೆಯ ಕಡಲ ಬದಿಯ ಹುಡುಗನ ಬಾವಿ ನೀರು ಮಾತ್ರ ಎಂ.ಎಲ್. ಮೇಲೆ ಎಂ.ಎಲ್. ಕುಡಿಯಿತು.

ಈಗ ನಿಜವಾದ ಪ್ರಶ್ನೆ ಎದ್ದಿತು. 0.6 ಎಂ.ಎಲ್. ಅಂತ ಓದಿದೆವು, ಬ್ಯೂರೆಟ್ ಓದುವಾಗಲೇ ಮೇಲೊಮ್ಮೆ ಕೆಳಗೊಮ್ಮೆ 0.05 ಆಚೀಚೆ ಆಗುತ್ತದೆ. ಅಂದರೆ ಉತ್ತರದ ಆರನೇ ಒಂದು ಪಾಲು ಅನುಮಾನ. ಏನು ಮಾಡಬಹುದು? ನಾನು ಬಾಯಿ ಮುಚ್ಚಿ ಕೂತೆ. ಹದಿನೈದು ನಿಮಿಷ ಚರ್ಚೆ ಮಾಡಿ ಅವರೇ ದಾರಿ ಕಂಡರು. ನೀರನ್ನು 100 ಎಂ.ಎಲ್. ತೆಗೆದುಕೊಂಡರು, ಇ.ಡಿ.ಟಿ.ಎ.ಯನ್ನು ಹತ್ತು ಪಟ್ಟು ತೆಳು ಮಾಡಿದರು. 12 ಎಂ.ಎಲ್. ಹತ್ತಿರ ಬಂತು. ಲೀಟರಿಗೆ 12 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕದ ಸ್ವೀಕಾರಾರ್ಹ ಮಿತಿ 200. ತಪ್ಪಿನ ಅಂದಾಜು ಎಂಬ ಅಧ್ಯಾಯವನ್ನು ನಾನು ಆ ವರ್ಷ ಬೇರೆಯಾಗಿ ಪಾಠ ಮಾಡಲೇ ಇಲ್ಲ.

ಥಿಯರಿ ಕ್ಲಾಸಿಗೆ ಬೇರೆ ಉಪಾಯ ಬೇಕಾಯಿತು. ಹಾರ್ವರ್ಡಿನಲ್ಲಿ ಎರಿಕ್ ಮಜೂರ್ ಫಿಸಿಕ್ಸ್ ಕ್ಲಾಸಿನಲ್ಲಿ ಬೆಳೆಸಿದ ವಿಧಾನವನ್ನು ನಮ್ಮ ಹದಕ್ಕೆ ತಂದೆ. ಒಂದು ಪ್ರಶ್ನೆ, ನಾಲ್ಕು ಉತ್ತರ. ಯೋಚಿಸಿ, ಎದೆಯ ಹತ್ತಿರ ಬೆರಳು ಹಿಡಿದು ಒಂದೋ ಎರಡೋ ಮೂರೋ ತೋರಿಸಬೇಕು. ಹಿಂದಿನವರಿಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ. ಉತ್ತರ ಹಂಚಿಹೋಗಿದ್ದರೆ ಪಕ್ಕದವರ ಜೊತೆ ಮೂರು ನಿಮಿಷ ಮಾತು, ಮತ್ತೆ ಬೆರಳು. ಇದಕ್ಕೆ ಯಂತ್ರ ಬೇಡ, ಖರ್ಚಿಲ್ಲ. ಪ್ರಶ್ನೆ ಮಾತ್ರ ಒಳ್ಳೆಯದಿರಬೇಕು. ಒಂದು ಒಳ್ಳೆಯ ಪ್ರಶ್ನೆಗೆ ನನಗೆ ಒಂದು ಸಂಜೆ ಬೇಕು.

ಗುಂಪು ಮಾಡುವಾಗ ಮೊದಲ ಸಲ ಎಡವಿದೆ. ಅವರವರೇ ಗುಂಪಾಗಿ ಅಂದೆ. ಕನ್ನಡದವರೆಲ್ಲ ಒಂದು ಬದಿ, ಮಲಯಾಳಂನವರೆಲ್ಲ ಇನ್ನೊಂದು ಬದಿ. ಮಧ್ಯೆ ಗೋಡೆ ಕಟ್ಟಿದ ಹಾಗೆ. ಮರುವಾರದಿಂದ ಗುಂಪು ನಾನೇ ಮಾಡಿದೆ, ಪ್ರತಿ ಗುಂಪಿನಲ್ಲೂ ಕಮ್ಮಿ ಎಂದರೆ ಎರಡು ಭಾಷೆ. ಮಾತು ಯಾವ ಭಾಷೆಯಲ್ಲೂ ಆಗಬಹುದು, ಹಾಳೆಯ ಮೇಲೆ ಬರೆಯುವುದು ಇಂಗ್ಲಿಷಿನಲ್ಲಿ. ಪರೀಕ್ಷೆ ಬರುವುದು ಇಂಗ್ಲಿಷಿನಲ್ಲೇ, ಅದರಿಂದ ಅವರನ್ನು ದೂರ ಇಡುವ ಹಕ್ಕು ನನಗಿಲ್ಲ. ಒಂದು ವಿಷಯವನ್ನು ಎರಡು ಭಾಷೆಯಲ್ಲಿ ತಿರುಗಿಸಿ ಹೇಳಬೇಕಾದಾಗ ಅರ್ಥ ಆಗದ್ದು ಮರೆಯಲ್ಲಿ ಉಳಿಯುವುದಿಲ್ಲ. ಬಾಯಿಪಾಠ ಮಾಡಿದ್ದನ್ನು ತಿರುಗಿಸಲು ಬರುವುದಿಲ್ಲ ನೋಡಿ.

ಪೋರ್ಷನ್ ಹೇಗೆ ಮುಗಿಸುತ್ತೀರಿ ಅಂತ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಸಿಟ್ಟಿನಿಂದಲ್ಲ, ಕಾಳಜಿಯಿಂದಲೇ. ನಾನು ಕೈಬರಹದ ನೋಟ್ಸ್ ಹಿಂದಿನ ದಿನವೇ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಬೋರ್ಡಿನಿಂದ ಬರೆದುಕೊಳ್ಳುವ ಸಮಯ ಅಷ್ಟೂ ಉಳಿಯುತ್ತದೆ. ಕೆಲವು ಭಾಗವನ್ನು ಅವರೇ ಓದಿಕೊಳ್ಳಲು ಬಿಡುತ್ತೇನೆ. ಯೂನಿವರ್ಸಿಟಿ ಪರೀಕ್ಷೆ ನನ್ನ ಕೈಯಲ್ಲಿಲ್ಲ, ಇಂಟರ್ನಲ್ ನನ್ನ ಕೈಯಲ್ಲಿದೆ. ಅಲ್ಲಿ ಒಂದೇ ಪೇಪರನ್ನು ಮೊದಲು ಒಬ್ಬೊಬ್ಬರೇ ಬರೆಯುತ್ತಾರೆ. ಅದನ್ನು ಕೊಟ್ಟ ಕೂಡಲೇ ಅದೇ ಪೇಪರನ್ನು ಗುಂಪಿನಲ್ಲಿ ಬರೆಯುತ್ತಾರೆ. ಎರಡನೇ ಸುತ್ತಿನ ಆ ಇಪ್ಪತ್ತು ನಿಮಿಷದಲ್ಲಿ ಕಲಿತಷ್ಟು ಇಡೀ ವಾರದಲ್ಲಿ ಕಲಿಯುವುದಿಲ್ಲ ಅಂತ ನನಗೆ ಖಂಡಿತ ಅನ್ನಿಸಿದೆ. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಶುರುವಾದ ಮೇಲೆ ಇಂಥದ್ದಕ್ಕೆ ಸ್ವಲ್ಪ ಹೆಚ್ಚು ಜಾಗ ಸಿಕ್ಕಿದೆ.

ಒಂದು ಪಾಠ ಮಾತ್ರ ಈಗಲೂ ಎದೆ ಗಟ್ಟಿ ಮಾಡಿಕೊಂಡೇ ಮಾಡುತ್ತೇನೆ. ಎಂಡೋಸಲ್ಫಾನ್. 1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಕೀಟನಾಶಕ ವಿಷ. ಎಣ್ಮಕಜೆ, ಬೆಳ್ಳೂರು ಕಡೆಯ ಮಕ್ಕಳು ನನ್ನ ಕ್ಲಾಸಿನಲ್ಲೇ ಇರುತ್ತಾರೆ. ಕೆಲವರ ಮನೆಯಲ್ಲಿ ಹಾಸಿಗೆ ಬಿಟ್ಟು ಏಳದ ಅಣ್ಣನೋ ಅಕ್ಕನೋ ಇದ್ದಾರೆ. ಹಾಗಾಗಿ ಇಲ್ಲಿ ನಾನು ಯಾರ ಮನೆಯ ವಿಷಯವನ್ನೂ ಕೇಳುವುದಿಲ್ಲ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಬೋರ್ಡಿನ ಮೇಲೆ ಅದರ ರಚನೆ ಬರೆಯುತ್ತೇನೆ. ಆರು ಕ್ಲೋರಿನ್ ಎಣಿಸಿ ಅನ್ನುತ್ತೇನೆ. ನೀರಿನಲ್ಲಿ ಹೆಚ್ಚುಕಮ್ಮಿ ಕರಗದ್ದು, ಕೊಬ್ಬಿನಲ್ಲಿ ಕರಗುವುದು ಯಾಕೆ? ಮಾರುಕಟ್ಟೆಯ ಸರಕಿನಲ್ಲಿ ಆಲ್ಫಾ, ಬೀಟಾ ಎರಡು ರೂಪ ಸುಮಾರು 7ಕ್ಕೆ 3ರ ಪಾಲಿನಲ್ಲಿ ಇರುತ್ತಿತ್ತು, ಅವು ಒಂದಕ್ಕೊಂದು ಹೇಗೆ ಬೇರೆ? ಮಣ್ಣಿನಲ್ಲಿ ಅದು ಸಲ್ಫೇಟ್ ರೂಪಕ್ಕೆ ತಿರುಗಿ ಇನ್ನೂ ಹೆಚ್ಚು ಕಾಲ ಉಳಿಯುವುದು ಹೇಗೆ? 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ (ಬೇಗ ಕರಗಿ ಹೋಗದ ವಿಷಗಳನ್ನು ತಡೆಯುವ ಜಾಗತಿಕ ಒಪ್ಪಂದ) ಪಟ್ಟಿಗೆ ಸೇರಿದ್ದು, ಅದೇ ವರ್ಷ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆದದ್ದು ಹೇಳುತ್ತೇನೆ. ಸ್ಟೀರಿಯೋಕೆಮಿಸ್ಟ್ರಿಯನ್ನು, ಅಂದರೆ ಅಣುವಿನೊಳಗಿನ ಜೋಡಣೆಯ ಆಕಾರದ ಪಾಠವನ್ನು, ಅಷ್ಟು ಮೌನವಾಗಿ, ಅಷ್ಟು ಗಮನ ಕೊಟ್ಟು ಕೇಳುವುದನ್ನು ನಾನು ಬೇರೆ ಯಾವ ದಿನವೂ ಕಂಡಿಲ್ಲ. ಒಬ್ಬ ಹುಡುಗ ಕ್ಲಾಸ್ ಮುಗಿದ ಮೇಲೆ ಬಂದು, "ಇದನ್ನು ಮಣ್ಣಿನಲ್ಲಿ ಅಳೆಯುದು ಹೇಗೆ ಟೀಚರ್?" ಅಂತ ಕೇಳಿದ. ಮಿಶ್ರಣವನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಫಿ ಬೇಕು, ನಮ್ಮ ಕಾಲೇಜಿನಲ್ಲಿ ಆ ಯಂತ್ರ ಇಲ್ಲ ಅಂದೆ. ಅವನು ಮುಂದೆ ಅನಾಲಿಟಿಕಲ್ ಕೆಮಿಸ್ಟ್ರಿಯನ್ನೇ ಆರಿಸಿಕೊಂಡ.

ಎಲ್ಲವೂ ಕೈಗೆ ಬಂದಿದೆ ಅಂತಲ್ಲ. ಥರ್ಮೋಡೈನಮಿಕ್ಸ್ ಇನ್ನೂ ಒಗ್ಗಿಲ್ಲ. ಎಂಟ್ರೋಪಿಗೆ ಬಂದಾಗ ನಾನೂ ಹಳೇ ದಾರಿಗೇ ಜಾರುತ್ತೇನೆ, ಅವರೂ ಸುಮ್ನೆ ಬರೆದುಕೊಳ್ಳುತ್ತಾರೆ. ಎನ್‌ಥಾಲ್ಪಿಗೆ, ಅಂದರೆ ಕ್ರಿಯೆಯಲ್ಲಿ ಏರುವ ಇಳಿಯುವ ಬಿಸಿಯ ಲೆಕ್ಕಕ್ಕೆ, ಮಾತ್ರ ಒಂದು ದಾರಿ ಹೊಳೆದಿದೆ. ಸತ್ತ ಸುಣ್ಣಕ್ಕೆ ಬಿಸಿ ಬರುವುದಿಲ್ಲ ಅಂತ ಆ ಹುಡುಗ ಹೇಳಿದ್ದನಲ್ಲ. ಈ ಜೂನ್‌ನಲ್ಲಿ ಒಂದು ಹಳೇ ಚಹಾ ಫ್ಲಾಸ್ಕ್, ಒಂದು ಥರ್ಮಾಮೀಟರ್, ಮನೆ ಮನೆಯ ಸುಣ್ಣ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಎಷ್ಟು ಬಿಸಿ ಏರುತ್ತದೆ ಅಂತ ಅಳೆದು, ಅದರಿಂದಲೇ ಸುಣ್ಣದ ವಯಸ್ಸು ಹೇಳಲು ಆಗುತ್ತದಾ ನೋಡಬೇಕು. ಫ್ಲಾಸ್ಕಿನ ಮುಚ್ಚಳಕ್ಕೆ ತೂತು ಕೊರೆದು ಇಟ್ಟಿದ್ದೇನೆ. ಮೊಳೆಯ ಹುಡುಗಿಯ ತಮ್ಮ ಈ ಸಲ ಫಸ್ಟ್ ಇಯರ್‌ಗೆ ಸೇರಿದ್ದಾನೆ. ಅವರ ಮನೆಯ ಸುಣ್ಣದ ಪೊಟ್ಟಣ ಆಗಲೇ ಲ್ಯಾಬಿನ ಕಪಾಟಿಗೆ ಬಂದು ಕೂತಿದೆ.